ಫಿನಾಯಿಲ್ ಹಾಕಿ ತೊಳೆದ ಗೋದಲಿ

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರಗಳ ಆಗಮನ ಕಾಲದ ಮೊದಲ ಭಾನುವಾರ ಬಲಿಪೂಜೆ ಮುಗಿಸಿ ಹೊರಗೆ ಬಂದಾಗ ಮೂಗಿಗೆ ಫಿನಾಯಿಲ್ ಹೊಡೆಯಿತು. ಚರ್ಚಿನ ಗೇಟಿನ ಎಡಕ್ಕಿರುವ ಸಿಮೆಂಟಿನ ಗೋದಲಿಯ ಬೀಗ ತೆಗೆದು ತೊಳೆಯುವ ದಿನ ಅದು. ಹನ್ನೊಂದು ತಿಂಗಳ ಧೂಳು, ಹಲ್ಲಿಯ ಹಿಕ್ಕೆ, ದಾರಿಹೋಕರು ಗ್ರಿಲ್ಲಿನ ಸಂದಿಯಲ್ಲಿ ತೂರಿಸಿದ ಚಿಪ್ಸ್ ಪೊಟ್ಟಣ ಎಲ್ಲ ಹೋಗಿ, ಟೈಲ್ಸಿನ ನೆಲ ಆಸ್ಪತ್ರೆಯ ವರಾಂಡದಂತೆ ಹೊಳೆಯುತ್ತಿತ್ತು. ಲೋಕರಕ್ಷಕನು ಹುಟ್ಟುವುದಕ್ಕೆ ಇದಕ್ಕಿಂತ ಶುಚಿಯಾದ ಜಾಗ ಧರ್ಮಪುರಿ ಜಿಲ್ಲೆಯಲ್ಲಿ ಇನ್ನೊಂದು ಇರಲಾರದು. ನಾನು ಒಳಗೆ ನೋಡದೆ ಗೇಟು ದಾಟಿದೆ.

ಗೋದಲಿ ಎಂದರೆ ಕ್ರಿಸ್ಮಸ್ಸಿಗೆ ನಾವು ಕಟ್ಟುವ ದನದ ಕೊಟ್ಟಿಗೆ. ಒಳಗೆ ಮರಿಯಮ್ಮ, ಜೋಜಪ್ಪ, ಹುಲ್ಲಿನ ಮೇಲೆ ಬಾಲಯೇಸು, ಒಂದು ಹಸು, ಒಂದು ಕತ್ತೆ, ನಾಲ್ಕು ಕುರುಬರು, ಮೂವರು ರಾಜರು. ಎಲ್ಲ ಬಣ್ಣ ಬಳಿದ ಗೊಂಬೆಗಳು. ಲೋಕದಲ್ಲಿ ಎಲ್ಲ ಕಡೆ ಹೀಗೇ. ನಮ್ಮ ಗೋದಲಿಯ ವಿಶೇಷವೆಂದರೆ, ಅದು ನಿಜವಾದ ಒಂದು ಕೊಟ್ಟಿಗೆಯನ್ನು ಕಿತ್ತು ಅದೇ ಜಾಗದಲ್ಲಿ ಎಬ್ಬಿಸಿದ ಸುಳ್ಳು ಕೊಟ್ಟಿಗೆ. ಕಿತ್ತದ್ದು ಆರು ವರ್ಷದ ಹಿಂದೆ. ಕೀಳುವುದಕ್ಕೆ ಕಾಗದ ಬರೆದವನು ನಾನು.

ನಾನು ಧರ್ಮಪುರಿಯ ರಿಜಿಸ್ಟ್ರಾರ್ ಆಫೀಸಿನ ಎದುರು, ಬೇವಿನ ಮರದ ಕೆಳಗೆ, ಮೂವತ್ತು ವರ್ಷಕ್ಕೂ ಮೇಲೆ ಪತ್ರ ಬರೆದವನು. ಕ್ರಯಪತ್ರ, ದಾನಪತ್ರ, ಭಾಗಪತ್ರ, ಬಿಡುಗಡೆ ಪತ್ರ. ಮನುಷ್ಯರು ಒಬ್ಬರನ್ನೊಬ್ಬರು ಭೂಮಿಯ ಮೇಲಿಂದ ಕದಲಿಸಲು ಎಷ್ಟು ದಾರಿ ಕಂಡುಹಿಡಿದಿದ್ದಾರೋ ಅಷ್ಟಕ್ಕೂ ನನ್ನಲ್ಲಿ ಒಂದೊಂದು ಒಕ್ಕಣೆ ಇತ್ತು. ಊರಲ್ಲಿ ರೈಟರ್ ಇನ್ನಾಸಪ್ಪ ಎನ್ನುತ್ತಾರೆ. ಬರೆದದ್ದೆಲ್ಲ ತಮಿಳು. ಮಾತು, ಜಗಳ, ಜಪಸರ ಮಾತ್ರ ಕನ್ನಡ. ಕನ್ನಡ ಅಕ್ಷರ ಕಲಿಸಿದವರು ಅಪ್ಪ. ಅವರು ಈ ಚರ್ಚಿನ ಉಪದೇಶಿಯಾಗಿದ್ದರು. ಹಳೆಯ ಪ್ರಾರ್ಥನೆ ಪುಸ್ತಕವೊಂದನ್ನು ಮುಂದಿಟ್ಟು ಕಲಿಸಿದರು. ಅದಕ್ಕೇ ನನ್ನ ಕನ್ನಡ ಈಗಲೂ ಮೊಣಕಾಲೂರಿ ಕೈ ಜೋಡಿಸಿದಂತಿರುತ್ತದೆ. ಓದುವವರು ಕ್ಷಮಿಸಬೇಕು.

ಅದಿಯಮಾನ್‌ಕೋಟೆ ದಾಟಿ ಒಳರಸ್ತೆ ಹಿಡಿದರೆ ನಮ್ಮೂರು. ಮಾದಮ್ಮ ನಮ್ಮ ಬೀದಿಯವಳು. ಕ್ರೈಸ್ತಳಲ್ಲ, ಮಾದೇಶ್ವರನ ಒಕ್ಕಲು. ಆದರೆ ಅವಳ ಕೊಟ್ಟಿಗೆ ಇದ್ದದ್ದು ಚರ್ಚಿನ ಕಾಂಪೌಂಡಿನೊಳಗೆ. ಅಪ್ಪನ ಕಾಲದಲ್ಲಿದ್ದ ಒಬ್ಬ ಮುದಿ ಫಾದರ್ ತಮ್ಮ ಗುಲಾಬಿ ಗಿಡಗಳಿಗೆ ಗೊಬ್ಬರ ಬೇಕೆಂದು ಆ ಮೂಲೆಯನ್ನು ಮಾದಮ್ಮನ ಮಾವನಿಗೆ ಕೊಟ್ಟಿದ್ದರು. ಸಗಣಿ ಗುಲಾಬಿಗೆ, ಒಂದು ಚೊಂಬು ಹಾಲು ಫಾದರಿಗೆ. ಕಾಗದವಿಲ್ಲ, ಸಾಕ್ಷಿಯಿಲ್ಲ. ಆ ಫಾದರ್ ಸತ್ತರು, ಮಾವ ಸತ್ತ, ಗಂಡ ಸತ್ತ, ಗುಲಾಬಿಯೂ ಸತ್ತಿತು. ಕೊಟ್ಟಿಗೆ ಮಾತ್ರ ಸೋಗೆ ಬದಲಿಸಿಕೊಂಡು ನಿಂತೇ ಇತ್ತು.

ಅಂದಿನ ಗೋದಲಿ ಚರ್ಚಿನ ಒಳಗೆ, ಪೀಠದ ಎಡಗಡೆ, ಒಂದು ಮಂಚದಷ್ಟು ಅಗಲ. ಆಗಮನ ಕಾಲದ ಮೂರನೆಯ ಭಾನುವಾರ, ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚುವ ದಿನ, ಮಣ್ಣಿನ ತಟ್ಟೆಗಳಲ್ಲಿ ರಾಗಿ ಚೆಲ್ಲುತ್ತಿದ್ದೆವು. ಹಬ್ಬದ ಹೊತ್ತಿಗೆ ಬೆರಳುದ್ದ ಪೈರು ಬರುತ್ತಿತ್ತು. ಅದೇ ಬೆತ್ಲೆಹೇಮಿನ ಹುಲ್ಲುಗಾವಲು. ಹುಲ್ಲು ಮಾದಮ್ಮನ ಕೊಟ್ಟಿಗೆಯಿಂದ. ನೆಲ ಸಾರಿಸುವವಳೂ ಅವಳೇ.

ಅವಳು ಮದುವೆಯಾಗಿ ಬಂದ ಹೊಸದರಲ್ಲಿ, ಗೋದಲಿಯ ಮುಂದೆ ಕೂತು, ನನ್ನ ಅಮ್ಮನನ್ನು ಇದೇನು ಕತೆ ಎಂದು ಕೇಳಿದಳಂತೆ. ಅಮ್ಮ ಭಕ್ತಿಯಿಂದ ಎಲ್ಲ ಹೇಳಿದಳು: ಜನಗಣತಿಗೆ ಹೊರಟದ್ದು, ಬಸುರಿ, ಊರಲ್ಲಿ ಜಾಗ ಸಿಗದೆ ಹೋದದ್ದು, ದನ ಮೇಯುವ ಬಾನಿಯಲ್ಲಿ ಮಗುವನ್ನು ಮಲಗಿಸಿದ್ದು. ಮಾದಮ್ಮ ಪೂರ್ತಿ ಕೇಳಿ, “ಸೂಲಗಿತ್ತಿ ಯಾರು ಬಂದಿದ್ದು?” ಎಂದಳು.

“ಯಾರೂ ಇರ್ಲಿಲ್ಲ ಕಣಮ್ಮಿ. ಗಂಡ ಒಬ್ನೇ.”

“ಗಂಡಸಾ? ಅವುಂಗೇನ್ ಗೊತ್ತಾಯ್ತದೆ? ಒಕ್ಕುಳು ಯಾರು ಕುಯ್ದಿದ್ದು? ಬಿಸ್ನೀರು ಎಲ್ಲಿಂದ ತಂದ್ರು? ಮಾಸು ಎಲ್ಲಿ ಊಳಿದ್ರು?”

ಅಮ್ಮ ಉಪದೇಶಿಯ ಹೆಂಡತಿ. ಜ್ಞಾನೋಪದೇಶದ ಪ್ರಶ್ನೋತ್ತರವೆಲ್ಲ ಬಾಯಿಪಾಠ. ಕೊನೆಯ ಮೂರಕ್ಕೂ ಅವಳಲ್ಲಿ ಉತ್ತರವಿರಲಿಲ್ಲ. ನನ್ನಲ್ಲೂ ಇಲ್ಲ. ಆದರೆ ಆಗಮನ ಕಾಲ ಬಂತೆಂದರೆ, ದೇವದೂತರ ಹಾಡು, ನಕ್ಷತ್ರದ ಬೆಳಕು ಎಲ್ಲವನ್ನೂ ಪಕ್ಕಕ್ಕೆ ತಳ್ಳಿ ಇವೇ ನನ್ನೊಳಗೆ ಎದ್ದು ಕೂರುತ್ತವೆ. ಸಂತರು ಬರೆದ ಧ್ಯಾನಗಳನ್ನು ಓದಿದ್ದೇನೆ. ಒಬ್ಬ ಸಂತನೂ ಬಿಸಿನೀರನ್ನು ವಿಚಾರಿಸಿಲ್ಲ.

ಆ ವರ್ಷಕ್ಕೆ ಬರೋಣ. ಎಡಪ್ಪಾಡಿ ಕಡೆಯ ಒಬ್ಬ ಎಳೆಯ ಫಾದರ್ ಹೊಸದಾಗಿ ಬಂದಿದ್ದರು. ಒಳ್ಳೆಯವರು, ಯಾರಿಗೂ ಇಲ್ಲ ಎನ್ನಲಾರದಷ್ಟು ಒಳ್ಳೆಯವರು. ಸುತ್ತಮುತ್ತಲಿನ ಚರ್ಚುಗಳಿಗೆಲ್ಲ ಸೇರಿಸಿ ಗೋದಲಿ ಸ್ಪರ್ಧೆಯೊಂದು ಏರ್ಪಟ್ಟಿದೆಯೆಂದು ಅವರು ಪೀಠದಿಂದಲೇ ಸಾರಿದರು. ನಮ್ಮ ಕಮಿಟಿಯ ಅಧ್ಯಕ್ಷ ಚೌರಪ್ಪನಿಗೆ ಅಂದಿನಿಂದ ನಿದ್ರೆ ಹಾರಿತು. ಧರ್ಮಪುರಿ ಬಸ್ ಸ್ಟ್ಯಾಂಡಿನ ಹತ್ತಿರ ಅವನದು ಟೈಲ್ಸು, ಬೇಸಿನ್ನು, ಕಕ್ಕಸಿನ ಸಾಮಾನುಗಳ ಅಂಗಡಿ. ಜಗತ್ತಿನಲ್ಲಿ ತೊಳೆದರೆ ಹೋಗದಂಥದ್ದು ಏನೂ ಇಲ್ಲವೆಂಬುದು ಅವನ ದೃಢವಾದ ವಿಶ್ವಾಸ.

ಕಮಿಟಿ ಸೇರಿತು. ಕಾರ್ಯದರ್ಶಿ ನಾನು. ಗೋದಲಿ ಈ ಸಲ ಹೊರಗೆ, ರೋಡಿಗೆ ಮುಖಮಾಡಿ, ಇಪ್ಪತ್ತಡಿ ಅಗಲ ಇರಬೇಕೆಂದು ಚೌರಪ್ಪ ಹೇಳಿದ. ಹಾಗೆ ರೋಡಿಗೆ ಕಾಣುವ ಜಾಗ ಒಂದೇ. ಅಲ್ಲಿ ಮಾದಮ್ಮನ ಕೊಟ್ಟಿಗೆ.

“ಜಡ್ಜುಗಳು ಬಂದು ಕಾರಿಂದ ಇಳುದ್ರೆ ಮೊದ್ಲು ಏನ್ ಕಾಣ್ತದೆ ರೈಟರಣ್ಣ? ಸಗಣಿ ಗುಡ್ಡೆ! ಮೂಗ್ ಮುಚ್ಕಂಡು ವಾಪಸ್ ಅತ್ಕತಾರೆ. ಮಾರ್ಕ್ ಎಂಗ್ ಬತ್ತದೆ, ಯೋಳಿ.”

“ಕೊಟ್ಟಿಗೆ ಕಟ್ಟಾಕೆ ಕೊಟ್ಟಿಗೆ ಕೀಳ್ಬೇಕಾ ಚೌರಪ್ಪ?” ಎಂದೆ ನಾನು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಇಡೀ ವ್ಯವಹಾರದಲ್ಲಿ ನಾನು ತೋರಿಸಿದ ಪ್ರತಿಭಟನೆ ಅಷ್ಟೆ: ಒಂದು ಹಾಸ್ಯ.

“ಅದ್ ಬ್ಯಾರೆ, ಇದ್ ಬ್ಯಾರೆ ಅಣ್ಣ,” ಚೌರಪ್ಪ ಸಹನೆಯಿಂದ ತಿಳಿಸಿಕೊಟ್ಟ. “ಅದು ನಾತ. ಇದು ತೀಮು.”

ಫಾದರ್ ತಮಿಳಿನಲ್ಲಿ, “ಪಾವಂ, ಅಂದಮ್ಮಾವುಕ್ಕು ಕಷ್ಟಂ ಇಲ್ಲಾಮ ಪಣ್ಣುಂಗ,” ಎಂದರು. ಪಾಪ, ಆಕೆಗೆ ಕಷ್ಟವಾಗದಂತೆ ಮಾಡಿ, ಎಂದು. ಕಷ್ಟವಾಗದಂತೆ ಮಾಡುವ ಕೆಲಸ ಎಂದಿನಂತೆ ಲೇಖನಿಯ ಪಾಲಿಗೆ ಬಂತು. ಅಂದು ಸಾಯಂಕಾಲ ನಾನು ಬರೆದದ್ದರ ತಾತ್ಪರ್ಯ ಇಷ್ಟು: ಲೋಕರಕ್ಷಕನ ಜನನೋತ್ಸವದ ಪ್ರಯುಕ್ತ ಮೇಲ್ಕಂಡ ಸ್ಥಳವು ದೇವಕಾರ್ಯಕ್ಕೆ ಅಗತ್ಯವೆಂದು ಕಂಡುಬಂದಿರುವುದರಿಂದ, ಸದರಿ ಸ್ಥಳದಲ್ಲಿ ದನಗಳಿಗೆ ಅವಕಾಶವಿಲ್ಲವೆಂದು ತೀರ್ಮಾನಿಸಲಾಗಿದೆ, ಜನವರಿಯ ಮೂರು ರಾಜರ ಹಬ್ಬದ ಮರುದಿನ ಸದರಿ ಸ್ಥಳವನ್ನು ಯಥಾಸ್ಥಿತಿಯಲ್ಲಿ ಬಿಟ್ಟುಕೊಡಲಾಗುವುದು. ಕೊನೆಯ ಮಾತು ನಾನೇ ಸೇರಿಸಿದ್ದು. ಬರೆದು ಮುಗಿಸಿ ಎರಡು ಸಲ ಓದಿಕೊಂಡೆ. ಒಕ್ಕಣೆ ಚೆನ್ನಾಗಿ ಬಂದಿದೆ ಎಂದು ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಟ್ಟರೆ ಉಳಿದದ್ದನ್ನು ಹೇಳಿ ಪ್ರಯೋಜನವಿಲ್ಲ.

ಹಬ್ಬದ ನಾಟಕಗಳಲ್ಲಿ ಛತ್ರದ ಯಜಮಾನನೊಬ್ಬ ಇರುತ್ತಾನೆ. ದಪ್ಪ ಹೊಟ್ಟೆ, ಅಂಟಿಸಿದ ಮೀಸೆ, ಕೈಯಲ್ಲಿ ಲಾಟೀನು. “ಜಾಗ ಇಲ್ಲ, ಹೋಗಿ!” ಎಂದು ಗದರಿ ಬಾಗಿಲು ಹಾಕುತ್ತಾನೆ. ನಾವೆಲ್ಲ ಅವನನ್ನು ಶಪಿಸಿ ಮನೆಗೆ ಹೋಗಿ ಬಿರಿಯಾನಿ ಉಣ್ಣುತ್ತೇವೆ. ಆದರೆ ಸುವಾರ್ತೆಯನ್ನು ತೆಗೆದು ನೋಡಿ, ಅಂಥವನೊಬ್ಬ ಅಲ್ಲಿಲ್ಲ. ಬಾಗಿಲು ಹಾಕಿದವನ ಹೆಸರಿಲ್ಲ, ಮೀಸೆಯಿಲ್ಲ. ಜಾಗವಿರಲಿಲ್ಲ, ಅಷ್ಟೆ. ಅಂದರೆ ಬೆತ್ಲೆಹೇಮಿನಲ್ಲೂ ಒಂದು ಕಮಿಟಿ ಇತ್ತು, ಅದಕ್ಕೊಬ್ಬ ಒಳ್ಳೆಯ ಕಾರ್ಯದರ್ಶಿ ಇದ್ದ ಎಂದು ನನಗೆ ಈಗ ಖಾತ್ರಿಯಾಗಿದೆ.

ಕಾಗದ ತೆಗೆದುಕೊಂಡು ಹೋದಾಗ ಮಾದಮ್ಮ ಚುಕ್ಕಿಯ ಮೈ ತಿಕ್ಕುತ್ತಿದ್ದಳು. ಚುಕ್ಕಿ ಅವಳ ಹಸು, ತುಂಬಿದ ಗಬ್ಬ. ನನ್ನನ್ನು ಚಡ್ಡಿಯಲ್ಲಿ ನೋಡಿದವಳಾದ್ದರಿಂದ ಮಾದಮ್ಮ ಕೋಪ ಬಂದರೆ ಇನ್ನಾಸಿ ಎನ್ನುವಳು, ಅಣಕಿಸಬೇಕಾದರೆ ರೈಟ್ರಪ್ಪ.

“ಏನ್ ರೈಟ್ರಪ್ಪ, ಕಾಕಿತ ಇಡ್ಕಂಡ್ ಬಂದಿದ್ದೀಯ? ನಂಗ್ಯಾರ್ ಆಸ್ತಿ ಬರ್ದವ್ರೆ?”

ತಮಿಳಿನಲ್ಲಿದ್ದದ್ದನ್ನು ಕನ್ನಡ ಮಾಡಿ ಹೇಳಿದೆ. ಹೇಳುವಾಗ ಇನ್ನಷ್ಟು ಮೆತ್ತಗೆ ಮಾಡಿದೆ. ಅವಳು ಕೈ ನಿಲ್ಲಿಸಲಿಲ್ಲ.

“ಇದ್ನ ಯಾರ್ ಯೋಳಿದ್ದು?”

“ಕಮಿಟಿ ಮಾದಕ್ಕ.”

“ಕಮಿಟಿಗೆ ಬಾಯಿ ಐತಾ? ಚೌರಪ್ಪ ಯೋಳುದ್ನಾ?”

“ಅವನೊಬ್ನೇ ಅಲ್ಲ.”

“ಫಾದರು ಯೋಳುದ್ರಾ?”

“ಅವ್ರು ನಿಂಗೆ ಕಷ್ಟ ಆಗ್ಬಾರ್ದು ಅಂದ್ರು.”

“ನೀ ಯೋಳ್ದ್ಯಾ?”

“ನಾನು ಬರ್ದೆ, ಅಷ್ಟೆ.”

ಅವಳು ಹುಲ್ಲಿನ ಸಿಂಬೆಯನ್ನು ಎಸೆದು ನನ್ನ ಕಡೆ ತಿರುಗಿದಳು. “ಅಂಗಾರೆ ಯಾರೂ ಯೋಳಿಲ್ಲ. ಒಳ್ಳೇದಾಯ್ತು. ಇದು ಕರ ಆಕಾಕೆ ಇನ್ನು ಇಪ್ಪತ್ ದಿನ ಐತೆ. ಮಳೆ ಬ್ಯಾರೆ ಇಡ್ಕತದೆ. ನಾನೆಲ್ಲಿ ಕಟ್ಲಿ?”

“ಮೂರು ರಾಜರ ಹಬ್ಬದ ಮಾರನೇ ದಿನ ವಾಪಸ್ ಕೊಡ್ತಾರೆ ಮಾದಕ್ಕ. ನಾನೇ ಬರ್ದಿದ್ದೀನಿ, ನೋಡು, ಇಲ್ಲೈತೆ.”

ಆ ಸಾಲನ್ನು ಬೆರಳಿಟ್ಟು ತೋರಿಸಿದೆ. ಓದು ಬಾರದವಳು ಆ ಸಾಲನ್ನು ಬಹಳ ಹೊತ್ತು ನೋಡಿದಳು. “ನೀ ಬರ್ದಿದ್ದೀಯಾ?” ಎಂದು ಮತ್ತೊಮ್ಮೆ ಕೇಳಿ, ಸಗಣಿಯ ಕೈಯನ್ನು ಸೀರೆಗೆ ಒರೆಸಿಕೊಂಡು, ನನ್ನ ಶಾಯಿಯ ಡಬ್ಬಿಯಲ್ಲಿ ಹೆಬ್ಬೆಟ್ಟು ಅದ್ದಿದಳು. ಒಂದು ಪ್ರತಿ ಅವಳಿಗೆ, ಒಂದು ಕಮಿಟಿಗೆ.

ಮಾರನೆಯ ದಿನವೇ ಕೊಟ್ಟಿಗೆ ಬಿತ್ತು. ಚೌರಪ್ಪ ಅದರ ಕಂಬ, ಸೋಗೆ, ಹಳೆಯ ಬಾನಿ ಒಂದನ್ನೂ ಬಿಸಾಡಲು ಬಿಡಲಿಲ್ಲ. “ಒರಿಜಿನಲ್ ಮೆಟೀರಿಯಲ್ಲು!” ಎಂದು ಎಲ್ಲವನ್ನೂ ಸೋಪಿನ ನೀರಿನಲ್ಲಿ ತೊಳೆಸಿ, ವಾರ್ನಿಶ್ ಹೊಡೆಸಿ, ಅದೇ ಗುಂಡಿಗಳಲ್ಲಿ ಅದೇ ಕಂಬಗಳನ್ನು ನೆಟ್ಟ. ಥರ್ಮೋಕೋಲಿನ ಬೆಟ್ಟ, ಮೋಟಾರಿನ ಜಲಪಾತ, ಬಣ್ಣ ಬದಲಿಸುವ ನಕ್ಷತ್ರ. ಹಳೆಯ ವಾಸನೆ ಮಾತ್ರ ನೆಲದಿಂದ ಏಳುತ್ತಲೇ ಇತ್ತು. ಅದಕ್ಕೆ ಮಲ್ಲಿಗೆ ವಾಸನೆಯ ಸ್ಪ್ರೇ ತಂದು ದಿನಕ್ಕೆರಡು ಸಲ ಹೊಡೆಸಿದ. ಮಲ್ಲಿಗೆಯೂ ಗಂಜಲವೂ ಕೂಡಿ ಹುಟ್ಟಿದ ಆ ಮೂರನೆಯ ವಾಸನೆಯನ್ನು ನಾನು ವರ್ಣಿಸಲಾರೆ. ಭಕ್ತರು ಅದನ್ನು ಆಳವಾಗಿ ಉಸಿರೆಳೆದುಕೊಂಡು ಶಿಲುಬೆಯ ಗುರುತು ಹಾಕಿಕೊಂಡರು.

ಚುಕ್ಕಿ ರಸ್ತೆಯ ಆಚೆಗೆ ಹುಣಿಸೆ ಮರದ ಕೆಳಗೆ, ನೀಲಿ ಟಾರ್ಪಾಲಿನ ಅಡಿಯಲ್ಲಿ ನಿಂತಿತು. ಅಲ್ಲಿಂದ ನೇರವಾಗಿ ಅದರ ಹಳೆಯ ಜಾಗ ಕಾಣುತ್ತಿತ್ತು. ಆಗಮನ ಕಾಲದ ನಾಲ್ಕನೆಯ ವಾರ ಸಮುದ್ರದ ಕಡೆಯಿಂದ ಗಾಳಿಮಳೆ ಬಂತು. ಮೂರು ದಿನ ಬಿಡಲಿಲ್ಲ. ಭಾನುವಾರ ಫಾದರ್ ಮನಮುಟ್ಟುವಂತೆ ಪ್ರಸಂಗ ಮಾಡಿದರು: ಬಾಲಯೇಸುವಿಗೆ ನಿಮ್ಮ ಹೃದಯದಲ್ಲಿ ಜಾಗ ಕೊಡಿ. ಹೆಂಗಸರು ಕಣ್ಣೊರೆಸಿಕೊಂಡರು. ನನಗೆ ಆಗಲೇ ಸ್ವಲ್ಪ ಹೇಸಿಗೆಯಾಗತೊಡಗಿತ್ತು. ಹೃದಯದಷ್ಟು ಅನುಕೂಲವಾದ ಜಾಗ ಬೇರೆ ಯಾವುದಿದೆ? ಸರ್ವೆ ನಂಬರಿಲ್ಲ, ಸೋಗೆ ಹೊದಿಸಬೇಕಾಗಿಲ್ಲ, ಯಾರನ್ನು ಇಟ್ಟುಕೊಂಡರೂ ನೆಲ ಗಲೀಜಾಗುವುದಿಲ್ಲ. ಕಿಟಕಿಯಾಚೆ ಟಾರ್ಪಾಲು ಪಟಪಟ ಬಡಿದುಕೊಳ್ಳುತ್ತಿತ್ತು. ಎದ್ದುಹೋಗಿ ಒಂದು ಮೂಲೆಯನ್ನಾದರೂ ಹಿಡಿದು ಕಟ್ಟಲಿಲ್ಲ. ಕಾಣಿಕೆ ತಟ್ಟೆ ಹಿಡಿದು ಸಾಲುಸಾಲಾಗಿ ನಡೆದೆ.

ಹಬ್ಬದ ಹಿಂದಿನ ದಿನ. ಮಧ್ಯಾಹ್ನ ಮಳೆ ಹೊಳವಾಗಿತ್ತು. ನಾಲ್ಕು ಗಂಟೆಗೆ ತೀರ್ಪುಗಾರರು ಬರುವವರಿದ್ದರು. ನಾನು ಬಿಳಿ ಅಂಗಿ ತೊಟ್ಟು ಕಾಂಪೌಂಡಿಗೆ ಬಂದರೆ ಚೌರಪ್ಪ ಕೋಲು ಹಿಡಿದು ಕುಣಿಯುತ್ತಿದ್ದಾನೆ. ಚುಕ್ಕಿ ಹಗ್ಗ ಕಿತ್ತುಕೊಂಡು ರಸ್ತೆ ದಾಟಿ ಬಂದು, ತಾನು ಯಾವಾಗಲೂ ಮಲಗುತ್ತಿದ್ದ ಜಾಗದಲ್ಲಿ ಮಲಗಿತ್ತು. ಬೆತ್ಲೆಹೇಮಿನ ಹುಲ್ಲುಗಾವಲು, ಅಂದರೆ ಏಳು ತಟ್ಟೆ ರಾಗಿ ಪೈರು, ಅದರ ಹೊಟ್ಟೆ ಸೇರಿತ್ತು. ಇಬ್ಬರು ರಾಜರು ಅಂಗಾತ ಬಿದ್ದಿದ್ದರು. ಜೋಜಪ್ಪನ ತಲೆ ಹಾರಿತ್ತು. ಮಾದಮ್ಮ ಹಸುವಿನ ಹಿಂದೆ ಕೂತಿದ್ದಳು, ಕೈ ಮೊಣಕೈವರೆಗೂ ತೊಯ್ದಿತ್ತು.

“ಎಬ್ಸಮ್ಮ ಅದ್ನ! ಜಡ್ಜುಗಳು ಅದಿಯಮಾನ್‌ಕೋಟೆ ಬುಟ್ಟವ್ರಂತೆ!”

“ಎಬ್ಸಾಕೆ ಇದೇನ್ ನಿನ್ ಅಂಗಡಿ ಕುರ್ಚಿಯಾ? ಕಾಲು ಬಂದೈತೆ, ತಲೆ ಬರ್ಬೇಕು. ಕೋಲ್ ಬಿಸಾಕು. ಲೇ ಇನ್ನಾಸಿ, ನಿಂತ್ಕಂಡ್ ಏನ್ ನೋಡ್ತೀಯ? ಬಾ, ಇಡ್ಕ!”

ನಾನು ಹಿಡಿದುಕೊಂಡೆ. ಎರಡು ಮುಂಗಾಲು, ಬೆಚ್ಚಗೆ, ಲೋಳೆ ಲೋಳೆಯಾಗಿ ಜಾರುತ್ತಿದ್ದವು. ಹಸು ತಿಣುಕಿದಾಗ ಎಳೆಯಬೇಕು, ಬಿಟ್ಟಾಗ ಬಿಡಬೇಕು. ಮಾದಮ್ಮ “ಈಗ” ಎಂದಾಗಲೆಲ್ಲ ಎಳೆದೆ. ಒಮ್ಮೆಗೇ ಇಡೀ ಕರು, ನೀರು, ರಕ್ತ, ಲೋಳೆ ಎಲ್ಲ ನನ್ನ ಬಿಳಿ ಅಂಗಿಯ ಮೇಲೆ ಬಂದು ಬಿತ್ತು. ನಾನು ಪಕ್ಕಕ್ಕೆ ತಿರುಗಿ ಥರ್ಮೋಕೋಲಿನ ಬೆಟ್ಟದ ಮೇಲೆ ವಾಂತಿ ಮಾಡಿದೆ. ಅರವತ್ತು ವರ್ಷ ಗೋದಲಿಯ ಮುಂದೆ ಮೊಣಕಾಲೂರಿದವನಿಗೆ ನಿಜವಾದ ಕೊಟ್ಟಿಗೆಯ ಮೊದಲ ದರ್ಶನದಲ್ಲಿ ಆದದ್ದು ಇದು. ಮಾದಮ್ಮ ಕರುವಿನ ಮೂಗಿನ ಲೋಳೆಯನ್ನು ಬೆರಳಲ್ಲಿ ತೆಗೆದು, ಬಾಯಿಟ್ಟು ಊದಿದಳು. ಅದು ಸೀನಿತು. ಚುಕ್ಕಿ ನೆಕ್ಕತೊಡಗಿತು.

ಕಾರು ಬಂದು ನಿಂತಿತು. ಮೂವರು ಇಳಿದರು. ಫಾದರ್ ಬೆವರುತ್ತ ನಿಂತರು. ತೀರ್ಪುಗಾರರಲ್ಲಿ ಹಿರಿಯರಾದವರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಬಹಳ ಹೊತ್ತು ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. ಭಕ್ತಿಯಿಂದಲೋ ವಾಸನೆಯಿಂದಲೋ ಹೇಳಲಾರೆ. “ಲೈವ್ ಗೋದಲಿ!” ಎಂದರು. “ಯಾರ ಐಡಿಯಾ?”

ಚೌರಪ್ಪ ಕೋಲನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದ. ಅರೆ ಕ್ಷಣವೂ ತಡೆಯಲಿಲ್ಲ. “ಕಮಿಟಿದು ಸಾರ್.”

ಫೋಟೋ ತೆಗೆದರು. ಮಾದಮ್ಮ ಅಡ್ಡ ಬರುತ್ತಾಳೆಂದು ಸ್ವಲ್ಪ ಆಚೆಗೆ ಸರಿಯಲು ಹೇಳಿದರು. ಸರಿದಳು. ಮಾಸು ಬೀಳುವವರೆಗೂ ಹಸುವನ್ನು ಕದಲಿಸಬಾರದೆಂದು ಮಾತ್ರ ಹಟ ಹಿಡಿದಳು. ಬಿದ್ದ ಮೇಲೆ ಅದನ್ನು ಹಳೆಯ ಗುಲಾಬಿ ಪಾತಿಯಲ್ಲಿ ಹೂಳಿದಳು. ಅಮ್ಮನಿಂದ ಆಗದಿದ್ದ ಉತ್ತರವನ್ನು ಕೇಳಿದವಳೇ ಗುದ್ದಲಿ ಹಿಡಿದು ಕೊಟ್ಟಳು. ಆಮೇಲೆ ಹಸುವನ್ನೂ ಕರುವನ್ನೂ ರಸ್ತೆಯಾಚೆಗೆ, ಒದ್ದೆ ಟಾರ್ಪಾಲಿನ ಕೆಳಕ್ಕೆ ಹೊಡೆದುಕೊಂಡು ಹೋದಳು. ಯಾರೂ ಬೇಡವೆನ್ನಲಿಲ್ಲ. ನೆಲ ತೊಳೆದು, ಮಲ್ಲಿಗೆ ಹೊಡೆದು, ಜೋಜಪ್ಪನ ತಲೆಗೆ ಫೆವಿಕಾಲ್ ಹಾಕಿದೆವು. ಮೊದಲ ಬಹುಮಾನ ನಮಗೇ ಬಂತು.

ಹಬ್ಬ ಕಳೆದ ಮೂರನೆಯ ದಿನ ಬಹುಮಾನದ ಸಂತೋಷಕ್ಕೆ ಫಾದರ್ ಸಹಿತ ಕಮಿಟಿ ಸೇರಿತು. ಅಂದು ಮಾದಮ್ಮ ಗಿಣ್ಣು ಕಳಿಸಿದ್ದಳು. ಈದ ಹಸುವಿನ ಮೊದಲ ಹಾಲನ್ನು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಮನೆಮನೆಗೆ ಕೊಡುವುದು ಅವಳ ಪದ್ಧತಿ. ಚರ್ಚಿಗೆ ಮೊದಲ ಪಾತ್ರೆ. ಬಾಳೆ ಎಲೆಯ ಮೇಲೆ ತುಂಡು ಮಾಡಿ ಇಟ್ಟರು. ತಿನ್ನುತ್ತ ಚೌರಪ್ಪ ಹೇಳಿದ: “ಫಸ್ಟ್ ಪ್ರೈಸ್ ಬಂದ್ ಜಾಗ. ಪರ್ಮನೆಂಟಾ ಮಾಡ್ಬುಡವ. ಸಿಮೆಂಟು, ಗ್ರಿಲ್ಲು. ಟೈಲ್ಸ್ ನನ್ ಲೆಕ್ಕ.”

“ಮಾದಮ್ಮಂಗೆ ಬರ್ಕೊಟ್ಟೈತಲ್ಲ,” ಎಂದೆ.

“ಅದಾ? ನೀವೇ ಯೋಳಿ ರೈಟರಣ್ಣ, ನಿಮ್ಗಿಂತ ಗೊತ್ತಿರೋವ್ರು ಯಾರವ್ರೆ. ಆ ಕಾಕಿತ ನಿಲ್ತದಾ?”

ಎಲ್ಲರೂ ನನ್ನನ್ನು ನೋಡಿದರು. ಮೂವತ್ತು ವರ್ಷದ ಅನುಭವ ನನ್ನೊಳಗೆ ಎದ್ದು ಕೂತು, ಗಂಟಲು ಸರಿಮಾಡಿಕೊಂಡು, ಗಂಭೀರವಾಗಿ ನುಡಿಯಿತು: “ಸ್ಟಾಂಪಿಲ್ಲ. ಸಾಕ್ಷಿಯಿಲ್ಲ. ನಿಲ್ಲಲ್ಲ.”

ಅದು ಸುಳ್ಳಲ್ಲ. ಅದಕ್ಕೇ ಅದರಷ್ಟು ಅಸಹ್ಯವಾದ ಮಾತನ್ನು ನಾನು ಜೀವಮಾನದಲ್ಲಿ ಇನ್ನೊಂದು ಆಡಿಲ್ಲ. ಆಡಿದ ಮೇಲೆ ಗಿಣ್ಣಿನ ಎರಡನೆಯ ತುಂಡು ತೆಗೆದುಕೊಂಡೆ.

ಮೂರು ರಾಜರ ಹಬ್ಬದ ಮರುದಿನ ಬ್ಯಾಂಕಿನವರು ಬಂದಂತೆ ಹೊತ್ತಿಗೆ ಸರಿಯಾಗಿ ಮಾದಮ್ಮ ಬಂದಳು. ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒದ್ದೆಯಾಗದಂತೆ ಇಟ್ಟಿದ್ದಳು. ಅಷ್ಟರಲ್ಲಿ ಇಟ್ಟಿಗೆ ಬಂದಿಳಿದಿತ್ತು. ಫಾದರ್ ಸೇಲಂಗೆ ಹೋಗಿದ್ದರು. ಅವಳು ಇಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು. “ನೀ ಬರ್ದಿದ್ದು ಅಂದೆಯಲ್ಲ,” ಎಂದಳು, ಅಷ್ಟೆ. ಕಾಗದವನ್ನು ಬಾಲಯೇಸುವಿನ ಪಕ್ಕ, ಅವಳದೇ ಹಳೆಯ ಬಾನಿಯಲ್ಲಿ ಇಟ್ಟು ಹೋದಳು. ಆ ಬೇಸಿಗೆಯಲ್ಲಿ ಚುಕ್ಕಿಯನ್ನು ಸಂತೆಯಲ್ಲಿ ಮಾರಿದಳು. ಕರುವನ್ನು ಮಾರಲಿಲ್ಲ. ಮನೆ ಹಿಂದಿನ ಓಣಿಯಲ್ಲಿ, ತಿರುಗಲೂ ಆಗದಷ್ಟು ಜಾಗದಲ್ಲಿ ಅದನ್ನು ಸಾಕಿದಳು.

ಅಂದಿನಿಂದ ಈ ಗೋದಲಿಗೆ ಒಂದು ಕಾಯಿಲೆ. ಪ್ರತಿ ವರ್ಷ ಎಷ್ಟು ಫಿನಾಯಿಲ್ ಸುರಿದರೂ ಹಬ್ಬ ಹತ್ತಿರ ಬರುತ್ತಿದ್ದಂತೆ ಸಗಣಿಯ ವಾಸನೆ ಏಳುತ್ತದೆ. ಚೌರಪ್ಪ ಚರಂಡಿ ಅಗೆಸಿದ. ಎರಡು ಟೈಲ್ಸು ಕೀಳಿಸಿ ನೋಡಿದ. ವಾಸನೆಯ ಮೂಲ ಪತ್ತೆಯಾಗಿಲ್ಲ ಎಂದು ನಾನು ಐದು ವರ್ಷ ಕಮಿಟಿಯ ಪುಸ್ತಕದಲ್ಲಿ ಬರೆದೆ. ಹುಲ್ಲು ಹಾಸಿ ಅಣಿಮಾಡಲು ಪ್ರತಿ ವರ್ಷ ಕರೆಯುವುದು ಮಾದಮ್ಮನನ್ನೇ ಎಂಬುದು ನನಗೆ ಗೊತ್ತಿತ್ತು. ಅಲ್ಲಿಂದ ಮುಂದಕ್ಕೆ ನಾನು ಗೊತ್ತುಮಾಡಿಕೊಂಡಿರಲಿಲ್ಲ.

ಈ ವರ್ಷ ಗುಲಾಬಿ ಮೇಣದಬತ್ತಿಯ ಭಾನುವಾರದ ಹಿಂದಿನ ದಿನ ಬೆಳಿಗ್ಗೆ ಹೋದೆ. ಗ್ರಿಲ್ಲು ತೆರೆದಿತ್ತು. ಒಳಗೆ ಮಾದಮ್ಮ ಮಂಡಿಯೂರಿ, ಪಕ್ಕದಲ್ಲಿ ಬಕೆಟ್ಟಿಟ್ಟುಕೊಂಡು, ಬಾನಿಯ ಅಡಿಯ ಟೈಲ್ಸಿಗೆ ಸಗಣಿ ಸಾರಿಸುತ್ತಿದ್ದಳು. ಅರ್ಧಚಂದ್ರದ ಗೆರೆಗಳು ಒಂದರ ಪಕ್ಕ ಒಂದು ತಪ್ಪದೆ ಕೂರುತ್ತಿದ್ದವು.

“ಏನ್ ಮಾದಕ್ಕ ಇದು?”

“ಕಣ್ ಕಾಣಕಿಲ್ವಾ? ಸಾರುಸ್ತಾ ಇವ್ನಿ.”

“ಟೈಲ್ಸ್ ಮೇಲಾ?”

“ಬಾಣಂತಿ ಮನೆ ಸಾರುಸ್ದೆ ಬುಡ್ತಾರೇನ್ಲಾ? ನಿಮ್ ಚೌರಪ್ಪನ ನೀರು ಕಣ್ ಉರೀತದೆ. ಎಳೆ ಮಗ ಉಸ್ರಾಡ್ಬೇಕಾ ಬ್ಯಾಡ್ವಾ? ಮ್ಯಾಲೆ ಉಲ್ ಆಕ್ಬುಟ್ರೆ ಯಾರ್ಗೂ ಕಾಣಾಕಿಲ್ಲ.”

“ನಿಂಗೆ ಕ್ವಾಪ ಇಲ್ವಾ?”

“ನಿಮ್ ಮ್ಯಾಲಾ? ಐತೆ. ಇಲ್ದೆ ಎಲ್ಲಿಗ್ ಓಯ್ತದೆ? ಆ ಮಗ ಏನ್ ಮಾಡ್ತು?” ಸೊಂಟ ಹಿಡಿದುಕೊಂಡು ಸ್ವಲ್ಪ ಸುಧಾರಿಸಿಕೊಂಡಳು. “ನಿಂತ್ಕಂಡ್ ನೋಡ್ಬ್ಯಾಡ ಇನ್ನಾಸಿ. ಆ ಮೂಲೆಗ್ ನಂಗ್ ಬಗ್ಗಾಕಾಗಕಿಲ್ಲ.”

ಪಂಚೆ ಎತ್ತಿ ಕಟ್ಟಿ ಒಳಗೆ ಹೋದೆ. ಬಕೆಟ್ಟಿಗೆ ಕೈ ಹಾಕಿದೆ. ಅಂದು ನನ್ನ ಅಂಗಿಯ ಮೇಲೆ ಬಿದ್ದ ಕರು ಈಗ ಹಸುವಾಗಿದೆ. ಸಗಣಿ ಅದರದು, ಇನ್ನೂ ಬೆಚ್ಚಗಿತ್ತು. ಮೂಲೆಯನ್ನು ಸಾರಿಸಿದೆ. ನನ್ನ ಗೆರೆಗಳು ಸೊಟ್ಟ ಸೊಟ್ಟ ಬಂದವು. ಈ ಸಲ ವಾಕರಿಕೆ ಬರಲಿಲ್ಲ. ಅದು ಬಂದದ್ದು ಸಾಯಂಕಾಲ, ‘ಮೂಲ ಪತ್ತೆಯಾಗಿಲ್ಲ’ ಎಂಬ ಮಾತು ಕೇಳಿ.

ಸಾಯಂಕಾಲ ಕಮಿಟಿ. ಫಾದರ್ ಇನ್ನೂ ಅವರೇ. ಚೌರಪ್ಪ ಒಳಗೆ ಬರುವಾಗಲೇ ಮೂಗು ಅರಳಿಸಿದ. “ಮತ್ತೆ ಸುರುವಾಯ್ತು ನೋಡಿ ಫಾದರ್! ಯಾವನೋ ಬೇಕಂತ್ಲೇ ಮಾಡ್ತಾವ್ನೆ. ಕ್ಯಾಮೆರಾ ಆಕ್ಸನ. ಬರ್ಕಳಿ ರೈಟರಣ್ಣ, ಮೂಲ ಪತ್ತೆಯಾಗಿಲ್ಲ, ಕ್ಯಾಮೆರಾ ಆಕ್ಸೋದು ಅಂತ ತೀರ್ಮಾನ.”

ನಾನು ಪುಸ್ತಕ ತೆರೆದು ಬರೆದೆ. ಬರೆದದ್ದನ್ನು, ಕಾರ್ಯದರ್ಶಿಯ ಕರ್ತವ್ಯದಂತೆ, ಎದ್ದು ನಿಂತು ಗಟ್ಟಿಯಾಗಿ ಓದಿದೆ: ಗೋದಲಿಗೆ ಸಗಣಿ ಸಾರಿಸಿದವನು ರೈಟರ್ ಇನ್ನಾಸಪ್ಪ. ಮುಂದಿನ ವರ್ಷವೂ ಸಾರಿಸುವವನು ಅವನೇ. ಆ ಜಾಗದಲ್ಲಿ ಮಾದಮ್ಮನ ಕೊಟ್ಟಿಗೆ ಇತ್ತು. ಅದನ್ನು ವಾಪಸು ಕೊಡುತ್ತೇವೆಂದು ಬರೆದುಕೊಟ್ಟು ಮೋಸ ಮಾಡಿದವರು ಇವರು. ಕೆಳಗೆ ಹೆಸರುಗಳು. ಮೊದಲನೆಯದು ನನ್ನದು, ಎರಡನೆಯದು ಚೌರಪ್ಪನದು, ಮೂರನೆಯದು ಫಾದರದು. ಗಿಣ್ಣು ತಿಂದವರಲ್ಲಿ ಒಬ್ಬರನ್ನೂ ಬಿಟ್ಟಿರಲಿಲ್ಲ.

ಚೌರಪ್ಪ ನಗಲು ನೋಡಿದ. “ಏನ್ ರೈಟರಣ್ಣ ತಮಾಷೆ. ನೀವೇ ಯೋಳಿದ್ರಲ್ಲ ಅವತ್ತು. ಸ್ಟಾಂಪಿಲ್ದೆ ಯಾವ್ದೂ ನಿಲ್ಲಲ್ಲ ಅಂತ.”

ಜೇಬಿನಲ್ಲಿ ಒಂದು ರೆವಿನ್ಯೂ ಸ್ಟಾಂಪು ಇಟ್ಟುಕೊಂಡೇ ಇರುವುದು ನನ್ನ ಕಸುಬಿನ ಹಳೆಯ ಚಾಳಿ. ತೆಗೆದು, ನಾಲಗೆಗೆ ಮುಟ್ಟಿಸಿ, ಹೆಸರುಗಳ ಕೆಳಗೆ ಅಂಟಿಸಿದೆ. ಅದರಿಂದ ಏನೂ ನಿಲ್ಲುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ರುಜು ಹಾಕಲಿಲ್ಲ. ಹೆಬ್ಬೆಟ್ಟು ಒತ್ತಿದೆ. ಮೂರು ಸಲ ಸೋಪು ಹಾಕಿ ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಸಗಣಿ ಉಳಿದಿತ್ತು; ಸ್ಟಾಂಪಿನ ಮೇಲೆ ಹಸಿರು ಗೆರೆಯೊಂದು ಕೂತಿತು.

ಪುಸ್ತಕವನ್ನು ರುಜುವಿಗೆಂದು ಚೌರಪ್ಪನ ಮುಂದಕ್ಕೆ ತಳ್ಳಿದೆ. ಅವನು ಕರವಸ್ತ್ರ ತೆಗೆದು ಮೂಗಿಗೆ ಹಿಡಿದ.